ರೆಕ್ಕೆಯಿಲ್ಲದ ಜೀರುಂಡೆಯ ಕೂಗು

ಹಲ್ಲಿ ಲೊಚಗುಟ್ಟಿತೆಂದು ಹಿಡಿದ ಕೆಲಸ ಬಿಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಸಿಟ್ಟು. ಮೂವತ್ತು ವರ್ಷ ಶಾಲೆಯಲ್ಲಿ ಕವಾಯತು ಮಾಡಿಸಿದವನು ನಾನು. ಕಣ್ಣಿಗೆ ಕಂಡದ್ದನ್ನು ಮಾತ್ರ ನಂಬುತ್ತಿದ್ದೆ. ಈಗಲೂ ಹಾಗೇ ಇರಬೇಕೆಂದು ಆಸೆ. ನಾಲ್ಕು ವರ್ಷದ ಹಿಂದಿನ ಒಂದು ಮಧ್ಯಾಹ್ನ ಅದಕ್ಕೆ ಅಡ್ಡ ಬಂದಿದೆ.

ನಿವೃತ್ತನಾದ ಮೇಲೆ ದಿನಾ ಬೆಳಿಗ್ಗೆ ಏಳೂವರೆಗೆ, ಕೌಜಲಗಿ ಹಾದಿಯ ನಮ್ಮ ಕಬ್ಬಿನ ಹೊಲದ ಬದುವಿನಲ್ಲಿ ಭೂತಗನ್ನಡಿ ಹಿಡಿದು ಕೂಡುತ್ತಿದ್ದೆ. ಅಲ್ಲಿ ಒಂದು ಕಲ್ಲು ಸರಿಸಿದರೆ ಇರುವೆ ಗೂಡು. ಇರುವೆಗಳ ನಡುವೆಯೇ ಬದುಕುವ ಒಂದು ಜಾತಿಯ ಜೀರುಂಡೆ ಅದರಲ್ಲಿತ್ತು, ಎಳ್ಳುಕಾಳಿನಷ್ಟು ಸಣ್ಣದು. ಜೀರುಂಡೆ ಕೂಗುವುದು ರೆಕ್ಕೆ ಉಜ್ಜಿ. ಇದಕ್ಕೆ ರೆಕ್ಕೆಯೇ ಇಲ್ಲ, ಹಾಗಾಗಿ ಮೂಕ. ಎರಡು ವರ್ಷ ನೋಡಿ ವಹಿಯಲ್ಲಿ ಬರೆದಿಟ್ಟಿದ್ದೇನೆ, ಒಮ್ಮೆಯೂ ಸದ್ದಿಲ್ಲ.

ಕಬ್ಬು ಕಡಿದು ಮುಗಿದ ದಿನ ನನ್ನ ತಮ್ಮ ಶಿವಲಿಂಗ ಹೊಲದ ತುಂಬ ಬಿದ್ದ ಕಬ್ಬಿನ ಒಣ ಗರಿಗೆ, ರವದಿಗೆ, ಬೆಂಕಿ ಹಚ್ಚಲು ನಿಂತ. ಬೇಡವೆಂದು ವಾರದಿಂದ ಹೇಳುತ್ತಿದ್ದೆ.

“ಅಣ್ಣಾ, ಎಳ್ಳಿನಂಥಾ ಹುಳಕ್ಕ ಹೆದರಿ ಹೊಲ ಹಸನ ಮಾಡೂದು ಬಿಡ್ಲೇನು? ಬೇಕಾದ್ರ ಅದಕ್ಕೊಂದು ಮನಿ ಕಟ್ಟಸ್ತೇನಿ ತಗೋ,” ಎಂದು ನಕ್ಕು ಕಡ್ಡಿ ಗೀರಿದ.

ಆಗ ಗೂಡಿನಿಂದ ಕೂಗು ಎದ್ದಿತು. ಸುಡು ಬಿಸಿಲಿನಲ್ಲಿ, ಕಿವಿ ಕೊರೆಯುವಷ್ಟು ಜೋರಾಗಿ. ಈ ಕೂಗು ಕೇಳುತ್ತಿಲ್ಲವೇ ಎಂದು ನಾನು ತಮ್ಮನ ಕೈ ಹಿಡಿದೆ.

“ಎಂಥಾ ಕೂಗು? ನನಗೇನೂ ಕೇಳಸವಲ್ದು,” ಎಂದ. ಕಡ್ಡಿ ಅವನ ಬೆರಳಲ್ಲೇ ಆರಿತು.

ಹತ್ತು ಮಾರು ಆಚೆ ರವದಿ ಅಲುಗಾಡಿ, ಹುಕ್ಕೇರಿ ಕಡೆಯಿಂದ ಕಬ್ಬು ಕಡಿಯಲು ಬಂದಿದ್ದ ಕೆಂಚವ್ವ ತಲೆ ಎತ್ತಿದಳು. ಜ್ವರ ಬಂದು ಅಲ್ಲೇ ಮಲಗಿಬಿಟ್ಟಿದ್ದಳು. ಟ್ರ್ಯಾಕ್ಟರಿನಲ್ಲಿ ಹೋದಳೆಂದು ಎಲ್ಲರೂ ತಿಳಿದಿದ್ದರು.

“ಏನ್ರೀ ಮಾಸ್ತರ, ಅದೇನು ಹಂಗ ಚೀರಾಕತ್ತೈತಿ? ಮಲಗಾಕ ಬಿಡವಲ್ದು,” ಎಂದು ಗೂಡಿನ ಕಲ್ಲಿನ ಕಡೆ ಕೈ ತೋರಿಸಿದಳು. ಅಷ್ಟರಲ್ಲಿ ಕೂಗು ನಿಂತಿತು.

ತಮ್ಮನಿಗೆ ಆಡಿದ ಮಾತುಗಳನ್ನು ಇಲ್ಲಿ ಬರೆಯಲಾರೆ. ಬೆಂಕಿ ಹಚ್ಚುವ ಮೊದಲು ಒಂದು ಸುತ್ತು ಹೊಲ ನೋಡಬಾರದೇ? ನಾನೂ ನೋಡಿರಲಿಲ್ಲ. ಹುಳಕ್ಕಾಗಿ ವಾರವಿಡೀ ಜಗಳವಾಡಿದವನಿಗೆ ಅಲ್ಲಿ ಮನುಷ್ಯರು ಇರಬಹುದೆಂದು ಹೊಳೆಯಲಿಲ್ಲ. ಆ ಸಿಟ್ಟು ಇನ್ನೂ ಇಳಿದಿಲ್ಲ.

ಮರುದಿನ ಏಳೂವರೆಗೆ ಹೋದರೆ ಕಲ್ಲಿನ ಮೇಲೆ ಅರಿಷಿಣ, ಕುಂಕುಮ, ಒಡೆದ ಕಾಯಿ. ಕೆಂಚವ್ವ ಗೂಡಿನೊಳಗೆ ತಂಬಿಗೆ ತುಂಬ ಹಾಲು ಹೊಯ್ದು ಕೈಮುಗಿದು ಕೂತಿದ್ದಳು. ಇರುವೆಗಳು ಹಾಲಿನಲ್ಲಿ ತೇಲುತ್ತಿದ್ದವು, ಅವುಗಳ ಜೊತೆ ನನ್ನ ಜೀರುಂಡೆಗಳೂ. ಬಾಯಿಗೆ ಬಂದ ಬೈಗುಳವನ್ನು ಅವಳ ಮುಖ ನೋಡಿ ನುಂಗಿಕೊಂಡೆ.

ಅವಳು ಹೋದ ಮೇಲೆ ಒಂದೊಂದನ್ನೂ ಎತ್ತಿ ಭೂತಗನ್ನಡಿಯಲ್ಲಿ ತಿರುಗಿಸಿ ನೋಡಿದೆ. ಯಾವುದಕ್ಕೂ ರೆಕ್ಕೆ ಇರಲಿಲ್ಲ.