ಮನೆ ಬಿಟ್ಟು

ಪಕ್ಕದ ಮನೆಯಲ್ಲಿ ಪಾಯಸಕ್ಕೆ ಏಲಕ್ಕಿ ಕುಟ್ಟಿದರೆ ಬೇರೆಯವರಿಗೆ ಹಬ್ಬ ನೆನಪಾಗಬಹುದು, ನನಗೆ ಕಾಗುಣಿತ ನೆನಪಾಗುತ್ತದೆ. ನಾನು ಅಕ್ಷರ ಕಲಿತದ್ದೇ ಏಲಕ್ಕಿ ಕೋಣೆಯಲ್ಲಿ. ಉತ್ತರ ಕೊಡಗಿನ ನಮ್ಮ ಸಣ್ಣ ಪೇಟೆಯಲ್ಲಿ ತಾತ ಏಲಕ್ಕಿ, ಮೆಣಸಿನ ವ್ಯಾಪಾರ ಮಾಡುತ್ತಿದ್ದರು. ಅವರು ತೀರಿಕೊಂಡ ಮೇಲೆ ವ್ಯಾಪಾರ ನಿಂತಿತು, ಮೂಟೆಗಳು ಖಾಲಿಯಾದವು, ವಾಸನೆ ಮಾತ್ರ ಆ ಕೋಣೆಯ ಗೋಡೆಯಲ್ಲಿ, ಹಲಗೆಯಲ್ಲಿ, ಸಾರಿಸಿದ ನೆಲದಲ್ಲಿ ಕೂತುಬಿಟ್ಟಿತ್ತು. ಮಳೆಗಾಲದಲ್ಲಿ ಸ್ಲೇಟು ಒರೆಸಿದ ಬಟ್ಟೆ ಕೂಡ ಘಮ್ಮೆನ್ನುತ್ತಿತ್ತು. ಆ ಕೋಣೆ ಈಗಿಲ್ಲ, ಅದಿದ್ದ ಮನೆಯೂ ಇಲ್ಲ. ಅಲ್ಲಿ ಎದ್ದಿರುವ ದೊಡ್ಡ ಕಟ್ಟಡಕ್ಕೆ ಮೊನ್ನೆ ಮೊನ್ನೆ ವಿಶ್ವವಿದ್ಯಾಲಯ ಅಂತ ಬೋರ್ಡು ಹಾಕಿದ್ದಾರಂತೆ. ಸಂಸ್ಥೆ ಬೆಳೆದು ಬಂದ ಬಗೆಯನ್ನು ಒಂದು ಪುಟ ಬರೆದುಕೊಡಿ, ಸ್ಮರಣ ಸಂಚಿಕೆಗೆ ಬೇಕು ಅಂತ ಒಬ್ಬ ಹುಡುಗಿ ಬಂದು ಕೇಳಿದಳು. ಒಂದು ಪುಟಕ್ಕೆ ಹಿಡಿಯುವಷ್ಟು ಬರೆದುಕೊಟ್ಟೆ. ಹಿಡಿಯದೆ ಉಳಿದದ್ದು ಇದು. ಇಷ್ಟು ವರ್ಷ ಹೊತ್ತು ನನಗೂ ಸಾಕಾಗಿದೆ.

ಶಾಲೆ ಶುರುವಾದದ್ದು ಒಬ್ಬ ಪಾದ್ರಿಯಿಂದ. ಫ್ರಾನ್ಸ್ ದೇಶದವರು, ಕುಳ್ಳಗಿನ ಆಳು, ಹೊಟ್ಟೆಯ ತನಕ ಗಡ್ಡ. ತಟ್ಟು ಕುದುರೆಯ ಮೇಲೆ ಎಸ್ಟೇಟಿನಿಂದ ಎಸ್ಟೇಟಿಗೆ ಹೋಗಿ ಲೈನುಮನೆಗಳಲ್ಲಿದ್ದ ಕ್ರೈಸ್ತ ಕೂಲಿಯವರಿಗೆ ಪೂಜೆ ಮಾಡಿಸಿ ಬರುತ್ತಿದ್ದರು. ಪೇಟೆಯವರೆಲ್ಲ ಅವರನ್ನು ಗಡ್ಡದ ಸ್ವಾಮಿ ಅನ್ನುತ್ತಿದ್ದರು. ಕನ್ನಡವನ್ನು ಪುಸ್ತಕದಿಂದ ಕಲಿತವರಾದ್ದರಿಂದ ಅವರ ಮಾತಿನಲ್ಲಿ ಒಂದು ಅಕ್ಷರವೂ ಉದುರುತ್ತಿರಲಿಲ್ಲ. ನಾಯಿ ಬೊಗಳಿದರೂ ನಿಂತು 'ಎಲೈ ನಾಯಿಯೇ, ಸುಮ್ಮನಿರು' ಎಂದು ಹೇಳುವ ಪೈಕಿ. ಒಂದು ದಿನ ನಮ್ಮ ಜಗಲಿಗೆ ಬಂದು, ಮಕ್ಕಳಿಗೆ ಪಾಠ ಹೇಳಲು ಒಂದು ಕೋಣೆ ಬೇಕು ಎಂದು ಅಜ್ಜಿಯನ್ನು ಕೇಳಿದರು. ಅಜ್ಜಿ ಹಣೆ ತುಂಬ ವಿಭೂತಿ ಹಚ್ಚಿದ, ಕೊರಳಲ್ಲಿ ಲಿಂಗ ಕಟ್ಟಿದ ಹೆಂಗಸು. ಪೇಟೆಯ ಜನ ಏನಂದಾರು ಅಂತ ಅಪ್ಪ ಹೇಳಿದ್ದಕ್ಕೆ ಅವಳು, "ಅಕ್ಷರ ಹೇಳ್ಕೊಡೋರು ಯಾರಾದ್ರೇನು, ಅಯ್ನೋರೇಯ" ಅಂದು ಏಲಕ್ಕಿ ಕೋಣೆಯ ಬೀಗದ ಕೈ ಕೊಟ್ಟಳು. ನಮ್ಮ ಕಡೆ ಮನೆಗೆ ಬಂದು ಪೂಜೆ ಮಾಡಿಸುವ ಗುರುವಿಗೆ ಅಯ್ನೋರು ಅನ್ನುತ್ತಾರೆ. ಹಾಗೆ ಫ್ರಾನ್ಸಿನ ಪಾದ್ರಿ ಒಂದೇ ಮಾತಿನಲ್ಲಿ ನಮ್ಮ ಮನೆಯ ಅಯ್ನೋರಾದರು.

ಆ ಮನೆಯನ್ನು ಈಗ ಯಾರಿಗೆ ಹೇಗೆ ತೋರಿಸಲಿ. ನಡುವೆ ಆಕಾಶಕ್ಕೆ ತೆರೆದ ತೊಟ್ಟಿ, ಸುತ್ತ ಹಲಸಿನ ಕಂಬಗಳು, ಹಿಂದೆ ಕಣ, ಕಣದಾಚೆ ಇಳಿಜಾರಿನುದ್ದಕ್ಕೂ ಕಿತ್ತಳೆ ತೋಟ. ಅಷ್ಟು ದೊಡ್ಡ ಮನೆಯಲ್ಲಿ ಇದ್ದವರು ನಾನು, ಅಜ್ಜಿ ಇಬ್ಬರೇ. ಅವ್ವ ನಾನು ಕೈಗೂಸಾಗಿದ್ದಾಗಲೇ ತೀರಿಹೋಗಿದ್ದಳು. ಅಪ್ಪ ಪಾಲಿಬೆಟ್ಟದ ಕಡೆ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು, ತಿಂಗಳಿಗೊಮ್ಮೆ ಬಂದರೆ ಹೆಚ್ಚು. ಅಜ್ಜಿ ಬೆಳಿಗ್ಗೆ ಎದ್ದು ಪ್ರತಿ ಕೋಣೆಗೂ ಹೋಗಿ, ಒಳಗೆ ಯಾರೋ ಮಲಗಿದ್ದಾರೇನೋ ಅನ್ನುವ ಹಾಗೆ ಮೆಲ್ಲಗೆ ಕಿಟಕಿ ತೆಗೆಯುತ್ತಿದ್ದಳು. ಅವಳು ಒಂಬತ್ತನೆಯ ವಯಸ್ಸಿಗೆ ಮದುವೆಯಾಗಿ ಆ ಹೊಸ್ತಿಲು ದಾಟಿದವಳು. ಹುಟ್ಟಿದ ಊರಿನ ದಾರಿಯೇ ಅವಳಿಗೆ ಮರೆತುಹೋಗಿತ್ತು, ಇದ್ದದ್ದು ಅದೊಂದೇ ಮನೆ.

ಎರಡು ವರ್ಷದಲ್ಲಿ ಶಾಲೆ ಏಲಕ್ಕಿ ಕೋಣೆಯಿಂದ ಜಗಲಿಗೆ ಬಂತು, ಜಗಲಿಯಿಂದ ಕಣಕ್ಕೆ ಇಳಿಯಿತು. ನಾಲ್ಕನೆಯ ಕ್ಲಾಸಿನವರೆಗೆ ಇತ್ತು. ಅದಕ್ಕಿಂತ ಮುಂದೆ ಓದುವ ಗಂಡುಹುಡುಗರು ಮಡಿಕೇರಿಗೆ ಹೋಗುತ್ತಿದ್ದರು, ಹೆಣ್ಣುಹುಡುಗಿಯರು ಒಲೆಯ ಮುಂದಕ್ಕೆ ಹೋಗುತ್ತಿದ್ದರು. ನಾನು ನಾಲ್ಕನೆಯದರಲ್ಲಿದ್ದಾಗ ಸ್ವಾಮಿಯವರು ಒಂದು ಸುದ್ದಿ ತಂದರು: ಮೈಸೂರಿನಿಂದ ಸಿಸ್ಟರುಗಳು ಬರುತ್ತಾರೆ, ಹೆಣ್ಣುಮಕ್ಕಳಿಗೆ ಮೇಲಿನ ತರಗತಿಗಳು ಆಗುತ್ತವೆ, ಆದರೆ ಜಾಗ ಬೇಕು. ಅದೇ ತಿಂಗಳು ಅಪ್ಪ ಬಂದವರು ಕೊಡ್ಲಿಪೇಟೆಯ ಕಡೆಯ ಒಂದು ಗಂಡಿನ ವಿಷಯ ತೆಗೆದರು. ಹುಡುಗಿ ಓದುತ್ತಾ ಇದ್ದರೆ ಇರಲಿ, ಶಾಲೆ ಮುಗಿದು ಸುಮ್ಮನೆ ಕೂತರೆ ಮದುವೆ ಮಾಡಿಬಿಡೋಣ ಎಂದರು. ನನಗೆ ಹನ್ನೆರಡು ವರ್ಷ. ಎರಡು ತಿಂಗಳಿಗೆ ಶಾಲೆ ಮುಗಿಯುವುದಿತ್ತು. ನನಗೆ ಊಟ ಸೇರದೆ ಹೋಯಿತು.

ಅಜ್ಜಿ ನನ್ನನ್ನು ಗಮನಿಸಿದ್ದಳು ಅಂತ ಕಾಣುತ್ತದೆ. ಕಿತ್ತಳೆ ಕೊಯ್ಲು ಮುಗಿದ ವಾರ ನನ್ನನ್ನು ಕರೆದು ಕೂರಿಸಿಕೊಂಡಳು. "ಗಿರಿಜಾ, ಸ್ವಾಮೇರಿಗೆ ಒಂದು ಕಾಗ್ದ ಬರಿ. ಮನೆ ಬಿಟ್ಟು ಜಾಗ ಎಲ್ಲ ಇಸ್ಕೂಲಿಗೆ ಕೊಟ್ಟಿದ್ದೀನಿ ಅಂತ ಬರಿ." ನಾನು ಬರೆದ ಮೊದಲನೆಯ ಕಾಗದ ಅದು. ನಾಲಿಗೆ ಕಚ್ಚಿಕೊಂಡು, ಒಂದು ಒತ್ತೂ ತಪ್ಪದ ಹಾಗೆ, ಅವಳು ಹೇಳಿದ್ದನ್ನೇ ಬರೆದೆ. ಅಜ್ಜಿಯ ಮಾತಿನ ಅರ್ಥ ಕಣ, ಹಿತ್ತಲು, ಕಿತ್ತಳೆ ತೋಟ. ಮನೆಯೊಂದನ್ನು ಬಿಟ್ಟು ಮಿಕ್ಕದ್ದೆಲ್ಲ. ಕನ್ನಡದವರು ಯಾರು ಕೇಳಿದ್ದರೂ ಅವಳ ದನಿಯಲ್ಲೇ ಅದು ತಿಳಿಯುತ್ತಿತ್ತು. ಕಾಗದಕ್ಕೆ ದನಿಯಿಲ್ಲವಲ್ಲ.

ಮರುದಿನ ಮಧ್ಯಾಹ್ನ ಸ್ವಾಮಿಯವರು ನನ್ನನ್ನು ಕಣದ ಅಂಚಿಗೆ ಕರೆದರು. ಕೈಯಲ್ಲಿ ಆ ಕಾಗದವಿತ್ತು. "ಮಗಳೇ, ಇಲ್ಲಿ 'ಮನೆ ಬಿಟ್ಟು' ಎಂದು ಬರೆದಿದೆ. ಅಜ್ಜಿಯವರು ಮನೆಯನ್ನು ಬಿಟ್ಟು ಹೋಗುತ್ತಾರೆ ಎಂದು ಅರ್ಥವೇ? ಅಥವಾ ಮನೆಯನ್ನು ಕೊಡುವುದಿಲ್ಲ, ಉಳಿದದ್ದನ್ನು ಕೊಡುತ್ತೇನೆ ಎಂದು ಅರ್ಥವೇ? ನಿಮ್ಮ ಭಾಷೆ ಬಹಳ ಕಷ್ಟ." ಅವರು ಗಡ್ಡ ನೀವುತ್ತಾ, ಬರಿಯ ಜಾಗವಾದರೆ ಕಟ್ಟಡ ಏಳಲು ಮೂರು ನಾಲ್ಕು ವರ್ಷ ಹಿಡಿಯುತ್ತದೆ, ಮನೆ ಸಿಕ್ಕಿದರೆ ಜೂನ್ ತಿಂಗಳಲ್ಲೇ ಐದನೆಯ ತರಗತಿ ಆರಂಭಿಸಬಹುದು ಎಂದರು. ಪಾಪ, ಅವರು ತಮ್ಮಷ್ಟಕ್ಕೆ ಲೆಕ್ಕ ಹಾಕುತ್ತಿದ್ದರು, ನನಗೆ ಆಸೆ ಹುಟ್ಟಿಸಬೇಕೆಂದು ಹೇಳಿದ್ದಲ್ಲ.

"ಬಿಟ್ಟು ಹೋಗ್ತಾರೆ ಸ್ವಾಮಿ" ಎಂದೆ.

ನನಗೆ ಗೊತ್ತಿಲ್ಲದೆ ಬಾಯಿಂದ ಬಂತು ಅಂತ ಬರೆಯಬಹುದಿತ್ತು. ಗೊತ್ತಿದ್ದೇ ಹೇಳಿದೆ.

ಅವರು ಬಿಷಪ್ಪರಿಗೆ ಬರೆದರು, ಸಿಸ್ಟರುಗಳಿಗೆ ಬರೆದರು. ಎಲ್ಲ ನಿಶ್ಚಯವಾದ ಮೇಲೆ ಒಂದು ಭಾನುವಾರ ಇಬ್ಬರು ಸಿಸ್ಟರುಗಳನ್ನು ಕರೆದುಕೊಂಡು ಅಜ್ಜಿಗೆ ವಂದನೆ ಹೇಳಲು ಬಂದರು. ಜಗಲಿಯ ಮೇಲೆ ಕೂತು, ಕಣ್ಣಲ್ಲಿ ನೀರು ತುಂಬಿಕೊಂಡು, "ತಾಯಿ, ಭೂಮಿ ಕೊಡುವವರನ್ನು ಕಂಡಿದ್ದೇನೆ, ತಾವು ವಾಸಿಸುವ ಮನೆಯನ್ನೇ ಬಿಟ್ಟುಕೊಡುವವರನ್ನು ಕಂಡಿರಲಿಲ್ಲ. ನನಗೆ ನಂಬಿಕೆಯಾಗದೆ ನಿಮ್ಮ ಮೊಮ್ಮಗಳನ್ನು ಕೇಳಿ ಖಚಿತಪಡಿಸಿಕೊಂಡೆ" ಎಂದರು. ನಾನು ಕಂಬದ ಹಿಂದೆ ನಿಂತಿದ್ದೆ. ಅಜ್ಜಿ ತಿರುಗಿ ನನ್ನನ್ನು ನೋಡಿದಳು. ಸಿಟ್ಟಿನ ನೋಟವಾಗಿದ್ದರೆ ನಾನು ಅತ್ತುಬಿಡುತ್ತಿದ್ದೆ, ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಅವಳು ಸುಮ್ಮನೆ ನೋಡಿದಳು, ನಾನು ಎಷ್ಟು ಎತ್ತರವಾಗಿದ್ದೇನೆ ಅಂತ ಅಳೆಯುವವಳ ಹಾಗೆ. ಆಮೇಲೆ ಸೆರಗು ಸರಿಮಾಡಿಕೊಂಡು, "ಹೂಂ ಸ್ವಾಮೇರೆ, ಮಗು ಸರಿಯಾಗೇ ಹೇಳೈತೆ. ಯಾವಾಗ ಬಿಡ್ಬೇಕು?" ಎಂದಳು.

ಅಪ್ಪ ಪಾಲಿಬೆಟ್ಟದಿಂದ ಓಡಿ ಬಂದರು. ಅವರು ಅಷ್ಟು ಜೋರಾಗಿ ಮಾತಾಡಿದ್ದನ್ನು ನಾನು ಮತ್ತೆ ಕೇಳಲಿಲ್ಲ. "ನಿಂಗೆ ತಲೆ ಕೆಟ್ಟೈತಾ ಅವ್ವ? ಆ ಪಾದ್ರಿಗೆ ತಪ್ಪು ತಿಳಿದೈತೆ, ನಾನು ಹೋಗಿ ಹೇಳ್ತೀನಿ." ಅಜ್ಜಿ ಎದ್ದು ಬಾಗಿಲಿಗೆ ಅಡ್ಡ ನಿಂತಳು. "ಏನೂ ಹೇಳ್ಬ್ಯಾಡ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಕೊಟ್ಟೋಳು ನಾನು." ನಾನು ಪಕ್ಕದಲ್ಲೇ ಇದ್ದೆ. ಆಗಲೂ ಬಾಯಿ ಬಿಡಲಿಲ್ಲ. ದಾನಪತ್ರವಾಯಿತು, ಅಜ್ಜಿ ಹೆಬ್ಬೆಟ್ಟು ಒತ್ತಿದಳು. ಮೇ ತಿಂಗಳಲ್ಲಿ ಸಾಮಾನು ಗಾಡಿಗೆ ಹೇರಿ ಸಂತೆ ಬೀದಿಯ ಎರಡು ಕೋಣೆಯ ಬಾಡಿಗೆ ಮನೆಗೆ ಹೋದೆವು. ಹೊರಡುವ ಬೆಳಿಗ್ಗೆ ಅಜ್ಜಿ ಇಡೀ ಮನೆಯನ್ನು ಗುಡಿಸಿ, ಸಾರಿಸಿ, ಹೊಸ್ತಿಲಿಗೆ ರಂಗೋಲಿ ಇಟ್ಟಳು. ಸಿಸ್ಟರುಗಳು ಹೇಗೂ ಸುಣ್ಣ ಹೊಡೆಸುತ್ತಾರಲ್ಲ ಅಂತ ಗಾಡಿಯವನು ಅಂದದ್ದಕ್ಕೆ, ಗುಡಿಸದ ಮನೆಯನ್ನು ಪರರಿಗೆ ಕೊಡಬಾರದು ಎಂದಳು. ಗಾಡಿ ಹತ್ತಿದ ಮೇಲೆ ಅವಳು ಹಿಂದಕ್ಕೆ ನೋಡಲಿಲ್ಲ. ನೋಡಿದವಳು ನಾನು.

ಜೂನ್ ತಿಂಗಳಲ್ಲಿ ಐದನೆಯ ಕ್ಲಾಸು ಶುರುವಾಯಿತು. ನಾನು ಅದೇ ಹೊಸ್ತಿಲನ್ನು ದಾಟಿ ಒಳಗೆ ಹೋದೆ, ಅಡುಗೆಮನೆಯಲ್ಲಿ ಕೂತು ಲೆಕ್ಕ ಕಲಿತೆ, ಅಜ್ಜಿ ಮಲಗುತ್ತಿದ್ದ ಕೋಣೆಯಲ್ಲಿ ಇಂಗ್ಲಿಷು ಕಲಿತೆ. ಶಾಲೆ ಬೆಳೆದ ಹಾಗೆಲ್ಲ ಮನೆ ಕರಗಿತು. ಎರಡು ಕೋಣೆಯ ನಡುವಿನ ಗೋಡೆ ಹೋಯಿತು, ತೊಟ್ಟಿಯ ಮೇಲೆ ಮಾಡು ಹೊದಿಸಿದರು, ಕಂಬಗಳನ್ನು ಕೊಯ್ದು ಬೆಂಚು ಮಾಡಿದರು. ಹೈಸ್ಕೂಲು ಬಂತು. ಹಾಸ್ಟೆಲಿಗಾಗಿ ಕಿತ್ತಳೆ ತೋಟ ಹೋಯಿತು. ತಟ್ಟು ಸತ್ತಿತು, ಸ್ವಾಮಿಯವರು ಮುದುಕರಾದರು, ಒಂದು ಮಳೆಗಾಲದಲ್ಲಿ ಜ್ವರ ಬಂದು ಅವರೂ ತೀರಿಹೋದರು. ತಾವು ಕೇಳಿದ ಪ್ರಶ್ನೆಗೆ ಸಿಕ್ಕಿದ ಉತ್ತರ ಸುಳ್ಳು ಅಂತ ಅವರಿಗೆ ಕೊನೆಯ ತನಕ ತಿಳಿಯಲಿಲ್ಲ. ನಾನು ಹೈಸ್ಕೂಲು ಮುಗಿಸಿ, ಟ್ರೈನಿಂಗ್ ಮುಗಿಸಿ, ಅಲ್ಲಿಯೇ ಮೂರನೆಯ ಕ್ಲಾಸಿಗೆ ಟೀಚರಾದೆ. ಇಷ್ಟು ವರ್ಷದಲ್ಲಿ ಅಜ್ಜಿ ಒಂದು ದಿನ, ಒಂದೇ ಒಂದು ದಿನ, ಅದರ ಮಾತೆತ್ತಲಿಲ್ಲ. ಬೈಯಲಿ ಅಂತ ನಾನು ಕಾಯುತ್ತಿದ್ದೆ. ಸಾರಿಗೆ ಉಪ್ಪು ಹೆಚ್ಚಾದರೆ ಬೈಯುತ್ತಿದ್ದಳು, ಅದಕ್ಕೆ ಮಾತ್ರ ಬೈಯಲಿಲ್ಲ.

ನನಗೆ ಇಪ್ಪತ್ತು ತುಂಬಿದ ವರ್ಷ, ಇನ್ನೂ ಮಡಿಕೇರಿಯಲ್ಲಿ ಇಂಗ್ಲಿಷರ ಬಾವುಟವಿದ್ದ ಕಾಲ, ದೊಡ್ಡ ಸಿಸ್ಟರು ನನ್ನನ್ನು ಕರೆದು, ಮೈಸೂರಿಗೆ ಹೋಗಿ ಬಿ.ಎ. ಮಾಡು, ಮುಂದೆ ಇಲ್ಲಿ ಕಾಲೇಜಾದಾಗ ನಿನ್ನಂಥವರು ಬೇಕು ಎಂದರು. ಮನೆಗೆ ಬಂದು ಹೇಳಿದೆ. ಅಜ್ಜಿ ಬಾಗಿಲ ಬಳಿ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಕಣ್ಣು ಮಂಜಾಗಿ ಕಲ್ಲು ಯಾವುದು ಅಕ್ಕಿ ಯಾವುದು ಎಂದು ಬೆರಳಿನಿಂದಲೇ ನೋಡುತ್ತಿದ್ದಳು.

"ಈಗ ನೀನು ಓದಿರೋದಕ್ಕಿಂತ ಮೇಲೆ ಇನ್ನೂ ಐತಾ?"

"ಐತೆ ಅಜ್ಜಿ. ಮೈಸೂರಲ್ಲಿ."

"ಅದಾದ ಮೇಲೆ?"

"ಅದಾದ ಮೇಲೂ ಐತಂತೆ."

ಅವಳು ಸ್ವಲ್ಪ ಹೊತ್ತು ಅಕ್ಕಿ ಕೇರಿದಳು. "ಹೋಗು ಮತ್ತೆ. ಎಲ್ಲಿ ತಂಕ ಐತೋ ಅಲ್ಲಿ ತಂಕ ಹೋಗು. ಮನೆ ಹೆಂಗೂ ಬಿಟ್ಟಾಯ್ತಲ್ಲ."

ಬರುವ ವರ್ಷ ಹೋಗುತ್ತೇನೆ ಎಂದೆ. ಬರುವ ವರ್ಷ ಬರುವುದಕ್ಕೆ ಮೊದಲೇ ಅವಳು ಹೋದಳು. ಆಮೇಲೆ ನನ್ನನ್ನು ಯಾರೂ ತಡೆಯಲಿಲ್ಲ, ಅಪ್ಪನೂ ಹೋಗು ಅಂದರು, ಸಿಸ್ಟರು ಎರಡು ಸಲ ಕೇಳಿದರು. ದಣಿದಿದ್ದೇನೆ ಅಂತ ನಾನೇ ಹೋಗಲಿಲ್ಲ. ಇಪ್ಪತ್ತರ ಹುಡುಗಿಗೆ ಅದೇನು ದಣಿವು ಅಂತ ನೀವು ಕೇಳಬಹುದು. ಇತ್ತು. ಆ ಮನೆಯ ನೆಲದ ಮೇಲೆ ಕೂತು ಕಲಿತ ಎಷ್ಟೋ ಹುಡುಗಿಯರು ಡಾಕ್ಟರಾದರು, ಪ್ರೊಫೆಸರಾದರು, ಮನಸ್ಸು ಬಂದಲ್ಲಿಗೆ ಹೋದರು. ಅಜ್ಜಿ ಯಾರಿಗೋಸ್ಕರ ಮನೆ ಬಿಟ್ಟಳೋ ಅವಳು ಮಾತ್ರ ನಿವೃತ್ತಿಯ ತನಕ ಮೂರನೆಯ ಕ್ಲಾಸು ದಾಟಲಿಲ್ಲ.