ಕುರಿ ಕೇಂದ್ರದಿಂದ ಚಂದ್ರಿಯನ್ನು ತಂದ ರಾತ್ರಿ

ಇದು ಯಾರೋ ಹೇಳಿ ನಾನು ಕೇಳಿದ್ದಲ್ಲ. ಆ ಸಂಜೆ ಹನ್ನೊಂದು ಜೋಳದ ರೊಟ್ಟಿ ಬಡಿದಿದ್ದೆ. ಪುಂಡಿಪಲ್ಯಕ್ಕೆ ಉಪ್ಪು ಒಂದು ಚೂರು ಹೆಚ್ಚಾಗಿತ್ತು. ಅಷ್ಟು ನೆನಪಿರುವ ನನಗೆ ಮುಂದಿನದು ಮರೆತೀತೇ?

ಬೀಳಗಿ ಕಡೆಯ ನಮ್ಮ ಪುನರ್ವಸತಿ ಊರಿನಿಂದ ಒಂದೂವರೆ ಮೈಲಿಗೆ ಹಳೆಯ ಕುರಿ ಸಂಶೋಧನಾ ಕೇಂದ್ರವಿದೆ. ನಮ್ಮ ಯಜಮಾನರು ಅಲ್ಲಿ ಜವಾನರಾಗಿದ್ದರು. ಒಂಬತ್ತು ವರ್ಷ ಅದರ ಕ್ವಾರ್ಟರ್ಸಿನಲ್ಲೇ ನನ್ನ ಒಲೆ ಉರಿದಿದೆ. ಅಣೆಕಟ್ಟಿನ ಹಿನ್ನೀರು ಬರುತ್ತದೆಂದು ಎಲ್ಲರೂ ಗಂಟುಮೂಟೆ ಕಟ್ಟಿದೆವು. ನೀರು ಬೇಲಿಯ ತನಕ ಬಂದು ನಿಂತುಬಿಟ್ಟಿತು. ಕಟ್ಟಡ ಹಾಗೇ ಉಳಿಯಿತು, ಸುತ್ತ ಜಾಲಿ ಬೆಳೆಯಿತು.

ಕುರಿ ಕಾಯಲು ಅಲ್ಲಿ ಮುಧೋಳ ನಾಯಿಗಳಿದ್ದವು. ಸಾಕುತ್ತಿದ್ದವನು ಭೀಮಪ್ಪ ಕಾಕಾ. ಸಾಲಾಗಿ ಕೂತ ನಾಯಿಗಳ ಮುಂದೆ ರೊಟ್ಟಿ ಇಡುತ್ತಿದ್ದ. ಅವನು ಹೇಳುವ ತನಕ ಒಂದೂ ಬಾಯಿ ಹಾಕುತ್ತಿರಲಿಲ್ಲ, ಜೊಲ್ಲು ಸುರಿದು ನೆಲ ಒದ್ದೆಯಾದರೂ ಸರಿ. ಕೇಂದ್ರ ಮುಚ್ಚಿದ ವರ್ಷವೇ ಕಾಕಾ ತೀರಿಕೊಂಡ.

ನಮ್ಮ ನಾಯಿ ಚಂದ್ರಿ ಹುಟ್ಟಿದ್ದು ಅದಾದ ಎಷ್ಟೋ ವರ್ಷದ ಮೇಲೆ. ಲೋಕಾಪುರದಿಂದ ಉಡಿಯಲ್ಲಿ ಹಾಕಿಕೊಂಡು ತಂದ ಮರಿ. ಆ ಕೇಂದ್ರದ ಬಾಗಿಲನ್ನೂ ಕಂಡವಳಲ್ಲ. ಬುಟ್ಟಿಯ ರೊಟ್ಟಿಯನ್ನೇ ಕಸಿದು ಓಡುವವಳು!

ದಿನ ತುಂಬಿದ ಚಂದ್ರಿ ಆ ಸಂಜೆ ಕಾಣೆಯಾದಳು. ಕುರಿ ಹೊಡೆದುಕೊಂಡು ಬರುತ್ತಿದ್ದವನೊಬ್ಬ, ಕೇಂದ್ರದೊಳಗೆ ಹೋದದ್ದನ್ನು ಕಂಡೆ ಎಂದ. ತೋಳ ತಿರುಗುವ ಜಾಗ ಅದು. ಅಲ್ಲೇ ಮರಿ ಹಾಕಿದರೆ ಬೆಳಗಿನೊಳಗೆ ತಾಯಿಯೂ ಇಲ್ಲ, ಮರಿಯೂ ಇಲ್ಲ. ಯಜಮಾನರು ಕೆಲಸದ ಮೇಲೆ ಮುಧೋಳದಲ್ಲಿದ್ದರು. ಎರಡು ರೊಟ್ಟಿ, ಹಗ್ಗ, ಟಾರ್ಚು ಹಿಡಿದು ಹೊರಟೆ. ಪಕ್ಕದ ಮನೆಯ ಕಾಶಕ್ಕ ಜೊತೆಗೆ ಬಂದಳು. ರನ್ನ ಬೆಳಗಲಿ ಊರಿನಿಂದ ಮಗಳ ಮನೆಗೆ ಬಂದು ಅವಳಿಗಿನ್ನೂ ಎರಡೇ ವರ್ಷ.

“ನಾಯಿ ಸಂಬಂಧ ಇಷ್ಟ ಓಡಾಕತ್ತೀಯಲ್ಲ ಗಿರಿಜಾ, ಗಂಡ ಕಳದಿದ್ರ ಇಷ್ಟ ಲಗೂನ ಹೊಂಟಿರಲಿಲ್ಲ ನೀ!”

“ಅವರು ಹಸದ್ರ ತಾವ ಬರತಾರ. ನಡಿ.”

ಗೇಟಿನ ಹತ್ತಿರ ಅವಳ ಕಾಲು ನಿಂತವು. “ನಾ ಇಲ್ಲೇ ನಿಂದರತೇನಿ. ಏನರ ಬಂದ್ರ ಒದರು, ಓಡಿಹೋಗಿ ಮಂದೀನ ಕರಕೊಂಡ ಬರತೇನಿ.”

“ಓಡಿಹೋಗೂದಂತೂ ಖರೆ ಬಿಡು.”

ಒಳಗೆ ಕಾಲಿಟ್ಟಲ್ಲೆಲ್ಲ ಒಡೆದ ಸೀಸೆಯ ಚೂರು. ಬಾವಲಿಯ ನಾತ... ಆದರೆ ಹಿಂದಿನ ನಾಯಿಕೋಣೆ ಹತ್ತಿರವಾದಂತೆ ಆ ನಾತ ಹೋಗಿ ಫಿನೈಲ್ ವಾಸನೆ ಬಂತು. ಈಗಷ್ಟೇ ತೊಳೆದಂತೆ.

ಚಂದ್ರಿ ಅಲ್ಲಿದ್ದಳು. ಮುಂಗಾಲು ಜೋಡಿಸಿ, ಒಳಕೋಣೆಯ ಮುಚ್ಚಿದ ಬಾಗಿಲ ಕಡೆ ಮುಖ ಮಾಡಿ ಕೂತಿದ್ದಳು.

ಕರೆದೆ. ಕಿವಿ ಅಲುಗಲಿಲ್ಲ. ಹಗ್ಗ ಕಟ್ಟಿ ಎಳೆದೆ. ಬೀಸುವ ಕಲ್ಲು ಎಳೆದಂತಾಯಿತು. ಮುಂದೆ ರೊಟ್ಟಿ ಇಟ್ಟೆ. “ತಿನ್ನ ಚಂದ್ರಿ” ಅಂದೆ. ಮೂಸಲೂ ಇಲ್ಲ. ಬಾಯಿಂದ ಜೊಲ್ಲು ನೆಲಕ್ಕೆ ಬೀಳುತ್ತಿತ್ತು... ಟಪ್... ಟಪ್...

ಆ ಕೂರುವ ರೀತಿಯನ್ನು ನಾನು ಒಂಬತ್ತು ವರ್ಷ ನೋಡಿದವಳು. ಆದರೆ ಹೆದರಿಕೆಗಿಂತ ಮೊದಲು ಬಂದದ್ದು ಸಿಟ್ಟು.

“ಕಾಕಾ, ನೀ ಇದ್ರ ಕೇಳು” ಅಂದೆ. “ಈ ನಾಯಿ ನಿಂದಲ್ಲ. ಹಾಲ ಕುಡಿಸಿ ಸಾಕಿದಾಕಿ ನಾ. ಹೊಟ್ಟಿ ತುಂಬ ಮರಿ ಅದಾವ. ಅಕೀನ ಬಿಟ್ಟ ನಾ ಹೋಗಾಕಿ ಅಲ್ಲ. ಬೆಳಗಾದ್ರೂ ಇಲ್ಲೇ ಕುಂದರತೇನಿ, ನೋಡೇ ಬಿಡೂಣು!”

ಸೆರಗು ಸಿಕ್ಕಿಸಿಕೊಂಡು ಅವಳ ಪಕ್ಕದಲ್ಲಿ ಕೂತೇಬಿಟ್ಟೆ. ಬ್ಯಾಟರಿ ಉಳಿಯಲಿ ಎಂದು ಟಾರ್ಚನ್ನೂ ಆರಿಸಿದೆ.

ಕತ್ತಲು. ಟಪ್... ಟಪ್... ಎಷ್ಟು ಹೊತ್ತು ಕೂತೆನೋ.

ಆ ಸದ್ದು ನಿಂತಿತು.

ಮರುಕ್ಷಣವೇ ಕಟುಂ ಕಟುಂ ಎಂದು ರೊಟ್ಟಿ ಮುರಿಯುವ ಸದ್ದು. ಟಾರ್ಚು ಹಾಕಿದೆ. ಒಂದು ರೊಟ್ಟಿ ಮುಗಿದಿತ್ತು, ಇನ್ನೊಂದು ಅರ್ಧವಾಗಿತ್ತು. ಚಂದ್ರಿಯ ಕಿವಿಗಳು ಮಾತ್ರ ಆ ಬಾಗಿಲಿನ ಕಡೆಗೇ ಇದ್ದವು... ಯಾರೂ ಏನೂ ಅಂದಿರಲಿಲ್ಲ. ನನ್ನ ಕಿವಿಗೆ ಏನೂ ಬಿದ್ದಿರಲಿಲ್ಲ.

ತಿಂದು ಮೈ ಕೊಡವಿದಳು. ಹಗ್ಗ ಎಳೆಯುವ ಮೊದಲೇ ಎದ್ದು ನನ್ನ ಹಿಂದೆ ಬಂದಳು. ಅವಸರದಲ್ಲಿ ನಡೆದೆನೇ ಹೊರತು ಓಡಲಿಲ್ಲ. ಓಡಬಾರದೆಂದೇ ಓಡಲಿಲ್ಲ.

ಗೇಟಿನಲ್ಲಿ ಕಾಶಕ್ಕ ನನ್ನ ಬೆನ್ನ ಹಿಂದೆ ಇಣುಕಿ ನೋಡಿದಳು.

“ಒಳಗ ಗಂಡಸರ ಯಾರ ಇದ್ರು?”

“ಯಾರೂ ಇಲ್ಲ.”

“ಮತ್ತ ‘ಉಣ್ಣ ನನ್ನ ತಾಯಿ, ಹೊತ್ತಾತು’ ಅಂದದ್ದು ಯಾರು? ನೀ ಬೈಯೂದು ಕೇಳಿತು, ಆಮ್ಯಾಲೆ ಭಾಳ ಹೊತ್ತಿಗೆ ಅದು ಕೇಳಿತು. ಮುದುಕನ ಧ್ವನಿ ಇದ್ದಂಗಿತ್ತು.”

ನಾಯಿಗಳಿಗೆ ಉಣ್ಣಲು ಕಾಕಾ ಹೇಳುತ್ತಿದ್ದ ಮಾತು ಅದೇ. ಅಕ್ಷರ ತಪ್ಪಿರಲಿಲ್ಲ. ನಾನು ಕಾಶಕ್ಕನ ಮುಂದೆ ಒಮ್ಮೆಯೂ ಅದನ್ನು ಆಡಿರಲಿಲ್ಲ.

“ನಾನ ಅಂದಿನಿ” ಅಂದೆ. “ಗಂಟಲಾ ಕಟ್ಟೇತಿ.”

“ಹಂಗ ಕಟ್ಟತೈತೇನ ಯವ್ವಾ!”

ಕೋಳಿ ಕೂಗುವ ಮೊದಲು ನಮ್ಮ ದನದ ಕೊಟ್ಟಿಗೆಯಲ್ಲಿ ಚಂದ್ರಿ ನಾಲ್ಕು ಮರಿ ಹಾಕಿದಳು. ನಾಲ್ಕೂ ಗಟ್ಟಿ. ನನಗೆ ಬೇಕಾದದ್ದು ಅಷ್ಟೇ ಆಗಿತ್ತು. ಅದು ನನಗೆ ಸಿಕ್ಕಿತು.

ಬೆಳಿಗ್ಗೆ ಕಾಶಕ್ಕ ಮೆಣಸು, ಬೆಲ್ಲ ಹಾಕಿದ ಬಿಸಿ ಕಷಾಯ ತಂದಳು. “ಕುಡಿ. ಆ ಧ್ವನಿ ಇನ್ನೊಮ್ಮಿ ನನ್ನ ಕಿವೀಗೆ ಬೀಳೂದು ಬ್ಯಾಡ.”

ಬೆಳಗಿನಿಂದ ಯಾರ ಜೊತೆಗೂ ನಾನು ಮಾತಾಡಿರಲಿಲ್ಲ, ಗಂಟಲು ಸರಿಯಾಗಿರುವುದು ತಿಳಿದೀತು ಎಂದು. ಅವಳ ಎದುರಿಗೇ ನಿಂತು ತಳದ ತನಕ ಕುಡಿದೆ. ಇವತ್ತಿಗೂ ಅವಳಿಗೆ ನಿಜ ಹೇಳಿಲ್ಲ, ಹೇಳುವುದೂ ಇಲ್ಲ. ನಾಯಿ ನನ್ನದು. ಉಣ್ಣಲು ಹೇಳಿದವಳೂ ನಾನೇ.