ಹನ್ನೆರಡು ವರ್ಷದ ಮದುವೆಗಳ ಹಗೇವು

ನಮಗೆ ಯಾರೂ ಮೋಸ ಮಾಡಿಲ್ಲ. ತಪ್ಪು ಬುದ್ಧಿ ಹೇಳಿದವಳು ನಾನು, ಕೇಳಿದವಳು ಸೊಸೆ. ದುಡ್ಡು ಹೋಯಿತು.

ಸೊಸೆ ಗಿರಿಜಾ ಕುಂದಗೋಳದಲ್ಲಿ ಫೋಟೊ ಸ್ಟುಡಿಯೊ ಇಟ್ಟಿದ್ದಾಳೆ. ಹನ್ನೆರಡು ವರ್ಷದಲ್ಲಿ ತೆಗೆದ ಮದುವೆಯ ವಿಡಿಯೊ ಒಂದನ್ನೂ ಬಿಸಾಡಿಲ್ಲ. ಕಂಪ್ಯೂಟರ್ ತುಂಬಿದ ಮೇಲೆ ಎಲ್ಲವನ್ನೂ ಕ್ಲೌಡಿಗೆ ಏರಿಸಿದಳು. ಹೆಸರು ಮೋಡದ್ದು, ಇರುವುದು ಯಾವುದೋ ಊರಿನ ಬಾಡಿಗೆ ಕಂಪ್ಯೂಟರು. ಅಲ್ಲಿ ಎರಡು ದರ. ಬೇಕೆಂದಾಗ ತೆಗೆಯುವಂತೆ ಇಟ್ಟರೆ ಬಾಡಿಗೆ ಹೆಚ್ಚು. ಅಪರೂಪಕ್ಕೆ ತೆಗೆಯುವುದಾದರೆ ಬಾಡಿಗೆ ಬಿಡಿಕಾಸು, ಆದರೆ ಹೊರಗೆ ತೆಗೆದಷ್ಟಕ್ಕೂ ಹಣ. ಗಿರಿಜಾ ಅಗ್ಗದ್ದನ್ನು ಆರಿಸಿದಳು.

ನಾನು ಜಾಣೆಯಂತೆ ತಲೆಯಾಡಿಸಿದೆ. ನನಗೇನು ಹೊಸದು? ಯರಗುಪ್ಪಿಯ ನಮ್ಮ ಮನೆಯ ಮುಂದೆ ಹಗೇವು ಇತ್ತು. ನೆಲದೊಳಗೆ ಗುಂಡಿ ತೋಡಿ, ಜೋಳ ಸುರಿದು, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಚಿಂತೆಯಿಲ್ಲ. ಒಂದು ಸೇರು ಜೋಳಕ್ಕೆಂದು ಯಾರೂ ಅದರ ಬಾಯಿ ತೆಗೆಯುತ್ತಿರಲಿಲ್ಲ. ತೆಗೆದರೆ ಪೂರ್ತಿ ಖಾಲಿ ಮಾಡಬೇಕು. ಇಲ್ಲವಾದರೆ ಉಳಿದದ್ದು ಹಸಿ ಹಿಡಿದು ಕೆಡುತ್ತದೆ.

ಕಳೆದ ತಿಂಗಳು ದಾದಾಪೀರ ಎಂಬ ಹಳೆಯ ಗಿರಾಕಿ ಬಂದ. ಅವನ ತಾಯಿ ಹುಸೇನಬಿ ತೀರಿಕೊಂಡಿದ್ದಳು. ತಂಗಿಯ ಮದುವೆಯ ವಿಡಿಯೊದಲ್ಲಿ ತಾಯಿ ನಕ್ಕಿದ್ದಾಳೆ, ಅಷ್ಟು ಸಾಕು ಎಂದ.

“ಅದೊಂದ ಮದಿವಿ ತಗೀಲ್ಯೋ, ಎಲ್ಲಾ ತಗೀಲ್ಯೋ ಅತ್ತಿ?” ಎಂದು ಗಿರಿಜಾ ಕೇಳಿದಳು.

“ಬಾಯಿ ತಗದ ಮ್ಯಾಲ ಎಲ್ಲಾ ತಗೀಬೇಕ ಲೇ. ನಾಳೆ ಮತ್ತೊಬ್ಬ ಬರ್ತಾನ.”

ತೆಗೆದಳು. ದಾದಾಪೀರನಿಗೆ ತಾಯಿ ಸಿಕ್ಕಳು. ಮೂರು ತಾಸಿನ ವಿಡಿಯೊದಲ್ಲಿ ಒಂದು ವೀಳ್ಯದೆಲೆ ಮಡಿಸುವಷ್ಟು ಹೊತ್ತು ನಕ್ಕಿದ್ದಳು. ನಮಗೆ ಬಿಲ್ಲು ಸಿಕ್ಕಿತು. ಮದುವೆಯ ನಡುವೆಯೇ ಕೈಕೊಡುವ ಹಳೆಯ ಕ್ಯಾಮೆರಾ ಬದಲಿಸಲು ಗಿರಿಜಾ ಕೂಡಿಟ್ಟದ್ದೆಲ್ಲ ಅದಕ್ಕೇ ಹೋಯಿತು.

“ಕಂಪ್ಯೂಟರಿನಾಗ ಹಸಿ ಹಿಡಿಯೂದಿಲ್ರಿ ಅತ್ತಿ.” ಅವಳು ಅಂದದ್ದು ಇಷ್ಟೇ. ಬೈದಿದ್ದರೆ ಚಲೋ ಇತ್ತು.

ತಪ್ಪು ನನ್ನದೇ. ಆದರೂ ಒಂದು ಮಾತು ಹೇಳುತ್ತೇನೆ. ಹಗೇವಿಗೆ ಹಾಕುವ ಮುಂಚೆ ನಾವು ಜೋಳ ಹಸನು ಮಾಡುತ್ತಿದ್ದೆವು. ಕಲ್ಲು ಕಸವನ್ನು ಜೋಪಾನ ಮಾಡಿದ ದಡ್ಡರನ್ನು ನಾನು ಕಂಡಿಲ್ಲ. ಈ ಸ್ಟುಡಿಯೊದವರೋ, ಬೀಗರು ಹುಗ್ಗಿ ಉಂಡದ್ದು, ಕೈ ತೊಳೆದದ್ದು, ಜನರೇಟರ್ ನಿಂತಾಗಿನ ಬರೀ ಕತ್ತಲೆ, ಎಲ್ಲವನ್ನೂ ಬಾಡಿಗೆ ಕೊಟ್ಟು ಕಾಯುತ್ತಾರೆ. ಅದನ್ನು ಮದುಮಕ್ಕಳೇ ಎರಡನೆಯ ಸಲ ನೋಡಿರುವುದಿಲ್ಲ.

ಬಿಲ್ಲು ಬಂದ ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಗಿರಿಜಾಳ ಜೊತೆ ಸ್ಟುಡಿಯೊಕ್ಕೆ ಹೋದೆ. ಮೊರ ಹಿಡಿದು ಕೂತಂತೆ ಕಂಪ್ಯೂಟರಿನ ಮುಂದೆ ಕೂತೆ. ಮೊದಲು ಹಸನು ಮಾಡಿಸಿದ್ದು ಆ ರಾಶಿಯಲ್ಲೇ ಸೇರಿಸಿಟ್ಟಿದ್ದ ಅವಳದೇ ಮದುವೆ. ನಾಲ್ಕು ತಾಸಿನದರಲ್ಲಿ ತಾಳಿ ಕಟ್ಟುವ ಎರಡು ನಿಮಿಷ ಉಳಿಯಿತು. ಅದರಲ್ಲೂ ನನ್ನ ಮಗ ಊಟದ ಚಪ್ಪರದ ಕಡೆ ನೋಡುತ್ತಿದ್ದಾನೆ.

“ಇದನ್ನರೆ ಇಡೂದೇನ್ರಿ?” ಎಂದಳು ಗಿರಿಜಾ.

“ಇಡು,” ಎಂದೆ. “ಸಾಕ್ಷಿಗೆ ಬೇಕಾಕ್ಕೈತಿ.”